ಐದನೇ ಶೀಸೆಯ ತಾಮ್ರ

1952ರಲ್ಲಿ ನಾನು ಶಾಲೆ ಬಿಟ್ಟೆ. ಆರನೇ ಇಯತ್ತೆ ಅರ್ಧಕ್ಕೇ ನಿಂತಿತು. ಕಾಸಿದ ತಗಡು ಜಾರಿ ಅಪ್ಪನ ಬಲಗೈ ಸುಟ್ಟಿತ್ತು. ಸವಣೂರಿನ ನಮ್ಮ ಅಂಗಡಿಯಲ್ಲಿ ತಾಮ್ರದ ಕೊಡ ಬಡಿಯುವ ಕೈ ಬೇರೆ ಇರಲಿಲ್ಲ. ತಮ್ಮನಿಗೆ ಆಗ ಎಂಟು ವರ್ಷ. ಅವನಿಗೆ ಸುತ್ತಿಗೆ ಭಾರವಾಗುತ್ತದೆ ಅಂದರು. ನನ್ನ ಪಾಟಿ, ಚೀಲ ಎರಡನ್ನೂ ಅವನಿಗೆ ಕೊಟ್ಟರು. ಆಮೇಲೆ ಎಷ್ಟು ವರ್ಷ ಕಳೆದರೂ ಆ ಸುತ್ತಿಗೆ ಅವನಿಗೆ ಭಾರವಾಗಿಯೇ ಉಳಿಯಿತು.

ನಾನು ಕೆಲಸ ಕಲಿತೆ, ಚೆನ್ನಾಗಿಯೇ ಕಲಿತೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಸಂತೆಗೆ ಹೋದರೂ, ಬೆರಳಿನಿಂದ ತಟ್ಟಿ ನೋಡಿ ಇದು ನಾನು ಬಡಿದ ಕೊಡ ಎಂದು ಗುರುತು ಹಿಡಿಯುವ ಹೆಂಗಸರಿದ್ದರು. ಮನೆಯಲ್ಲಿ ಮಾತ್ರ, ತಮ್ಮ ರಜೆಗೆ ಬಂದಾಗ ಅವ್ವನ ತುಪ್ಪದ ಚಮಚ ಅವನ ತಟ್ಟೆಯ ಮೇಲೆ ಎರಡು ಸಲ ಬಾಗುತ್ತಿತ್ತು, ನನ್ನದರ ಮೇಲೆ ಒಂದು ಸಲ. ಇಪ್ಪತ್ತೇಳು ವರ್ಷದ ಗಂಡಸು ತುಪ್ಪ ಎಣಿಸುವುದು ನಾಚಿಕೆಯ ಮಾತು. ಆದರೂ ಎಣಿಸುತ್ತಿದ್ದೆ.

1966ರ ಬೇಸಿಗೆ. ತಮ್ಮ ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ. ಓದಿನ ಕೆಲಸಕ್ಕೆಂದು ಕಾರವಾರಕ್ಕೆ ಹೋದವನು ಶಿರಸಿ, ಹಾನಗಲ್ಲ, ಶಿಗ್ಗಾವಿ ಎಂದು ಬಸ್ಸು ಬದಲಿಸುತ್ತ ಮನೆಗೆ ಬಂದ. ಕೈಯಲ್ಲಿ ಕಟ್ಟಿಗೆಯ ಪೆಟ್ಟಿಗೆ. ಹುಲ್ಲಿನ ನಡುವೆ ಅಂಕಿಯ ಚೀಟಿ ಅಂಟಿಸಿದ ಎಂಟು ಗಾಜಿನ ಶೀಸೆಗಳು, ಅವುಗಳ ತುಂಬ ಕಪ್ಪು ಕೆಸರು.

"ಸಮುದ್ರದ ರಾಡಿ ಇದು," ಅಂದ.

ಅವ್ವ ಹಣೆಗೆ ಹಚ್ಚಿಕೊಳ್ಳಲು ಕೈ ಚಾಚಿದಳು.

"ಮುಟ್ಟಬ್ಯಾಡವ್ವಾ, ಹಡಗು ನಿಲ್ಲೋ ಜಾಗಾದ್ದು."

ಅವ್ವ ಹಲಗೆಯ ಮೇಲಿದ್ದ ನನ್ನ ಹೊಸ ಕೊಡಗಳನ್ನು ನೆಲಕ್ಕಿಳಿಸಿ ಆ ರಾಡಿಯನ್ನು ಮೇಲೆ ಏರಿಸಿದಳು.

"ಅಷ್ಟು ದೂರದಿಂದ ಹೊತ್ಕೊಂಡು ಬಂದೀಯಲ್ಲ, ನಮ್ಮ ಕೆರ್ಯಾಗ ರಾಡಿ ಇರ್ಲಿಲ್ಲೇನೋ?" ಅಂದೆ. ಅವನು ನಕ್ಕ, ಅಷ್ಟೇ. ಮರುದಿನ ಅಕ್ಕನನ್ನು ನೋಡಿ ಬರಲು ಹಂಸಭಾವಿಗೆ ಹೋದ.

ಅವನು ಅತ್ತ ಹೋದ ಮೇಲೆ ಐದನೇ ಶೀಸೆ ಜಿನುಗುತ್ತಿರುವುದು ಕಂಡಿತು. ಬಸ್ಸಿನ ಕುಲುಕಾಟಕ್ಕೆ ಗಾಜು ಬಿರುಕು ಬಿಟ್ಟಿತ್ತು. ಬೇರೆ ಶೀಸೆ ಹುಡುಕಬಹುದಿತ್ತು. ಹುಡುಕಲಿಲ್ಲ. ಆ ವಾರವಷ್ಟೇ ಮುಗಿಸಿದ್ದ ಮುಚ್ಚಳದ ತಾಮ್ರದ ತಂಬಿಗೆಗೆ ಕೆಸರನ್ನೆಲ್ಲ ಸುರಿದೆ. ಅದರ ಒಳಮೈಗೆ ಇನ್ನೂ ತವರದ ಕಲಾಯಿ ಹಾಕಿರಲಿಲ್ಲ, ಬರಿಯ ತಾಮ್ರ. ಅವನ ಏಳು ಶೀಸೆಗಳ ಪಕ್ಕದಲ್ಲಿ ನನ್ನ ತಂಬಿಗೆ ಥಳಥಳ ಹೊಳೆಯಿತು. ಬಂದು ನೋಡಲಿ, ಅವನ ಗಾಜು ಒಡೆದಾಗ ಕೈಗೆ ಬಂದದ್ದು ಯಾರ ಕೆಲಸ ಎಂದು ಅವ್ವನ ಎದುರಿಗೆ ಹೇಳಲಿ. ನನ್ನ ಆಸೆ ಇಷ್ಟೇ.

ಎರಡು ದಿನ ಬಿಟ್ಟು ಬಂದು ಊಟಕ್ಕೆ ಕುಳಿತ. ನಾನು ಮಾತು ತೆಗೆಯುವಷ್ಟರಲ್ಲಿ ಅವ್ವ ಕೇಳಿದಳು, "ಆ ರಾಡ್ಯಾಗ ಏನ ಹುಡಕ್ತೀಪಾ?"

"ತಾಮ್ರ, ಸೀಸ, ಅಂಥಾವು. ಹಡಗಿನ ತಳಕ್ಕ ತಾಮ್ರದ ಬಣ್ಣ ಬಳೀತಾರವ್ವಾ. ಅದು ಕರಗಿ ರಾಡ್ಯಾಗ ಕುಂದರತೈತಿ. ಎಲ್ಲಿ ಎಷ್ಟು ಕುಂತೈತಿ ಅಂತ ನೋಡೋದು. ಒಂದ ಗಡಿಗಿ ರಾಡ್ಯಾಗ ಸಾಸಿವಿ ಕಾಳಿನಷ್ಟೂ ಇರಂಗಿಲ್ಲ. ಅದಕ್ಕ ಕಬ್ಬಿಣದ ಚಮಚಾ ಸೈತ ಮುಟ್ಟಿಸಿಲ್ಲ, ಕಟ್ಟಿಗಿ ಸವಟಿಲೆ ತಗದೇನಿ."

ರೊಟ್ಟಿಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ಎದ್ದು ಒಳಗೆ ಹೋಗಿ ತಂಬಿಗೆಯ ಮುಚ್ಚಳ ತೆಗೆದೆ. ಕೆಸರಿನ ಅಂಚಿಗೆ ಸುತ್ತಲೂ ಹಸಿರು ಗೆರೆ. ಉಪ್ಪು, ಹುಣಸೆಹಣ್ಣು ಹಚ್ಚಿ ದಿನವೂ ತಾಮ್ರ ತಿಕ್ಕುವವನು ನಾನು. ಉಪ್ಪು ತಾಮ್ರವನ್ನು ತಿನ್ನುತ್ತದೆ ಎಂದು ಯಾವ ಶಾಲೆಯೂ ನನಗೆ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಔಷಧದ ಖಾಲಿ ಶೀಸೆ ತೊಳೆದು ಕೆಸರು ತುಂಬಿದೆ. ಚೀಟಿ ಅಂಟಿಸಿ ಐದು ಎಂದು ಬರೆದೆ.

"ನಿನ್ನ ಶೀಸೆ ಒಡದಿತ್ತು. ಬ್ಯಾರೇದಕ್ಕ ಹಾಕೇನಿ," ಅಂದೆ.

"ಚಲೋ ಮಾಡ್ದಿ ಅಣ್ಣಾ," ಅಂದ.

ತಂಬಿಗೆಯ ಸುದ್ದಿ ನಾನು ಎತ್ತಲಿಲ್ಲ.

ತಿಂಗಳು ಕಳೆದು ಪತ್ರ ಬಂತು. ಅವ್ವ ನನ್ನಿಂದಲೇ ಓದಿಸಿದಳು. ಐದನೇ ಶೀಸೆಯಲ್ಲಿ ಉಳಿದ ಎಲ್ಲಕ್ಕಿಂತ ಬಹಳ ಹೆಚ್ಚು ತಾಮ್ರ ಸಿಕ್ಕಿದೆ, ಗುರುಗಳಿಗೆ ಖುಷಿಯಾಗಿದೆ, ದೊಡ್ಡ ದೊಡ್ಡವರ ಸಭೆಯಲ್ಲಿ ಇದನ್ನು ತಾನು ಓದಬೇಕಂತೆ ಎಂದು ಬರೆದಿದ್ದ. ಓದುತ್ತ ಒಳಗೊಳಗೇ ನಗು ಬಂತು. ಓದಲಿ. ಅಷ್ಟೂ ಜನರ ಎದುರಿಗೆ ನನ್ನ ತಂಬಿಗೆಯ ಒಳಮೈಯನ್ನು ಸಮುದ್ರ ಎಂದು ಓದಲಿ. ಒಂದು ವಾರ ಈ ನಗುವಿನಲ್ಲೇ ಚೆನ್ನಾಗಿ ಉಂಡೆ, ಚೆನ್ನಾಗಿ ಬಡಿದೆ.

ಅಷ್ಟರಲ್ಲಿ ಅವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಎದುರಿನ ಎಲೆ ಅಂಗಡಿಯವನು ಅಲ್ಲಿಂದಲೇ ಕೂಗಿದ, "ಏನಪಾ, ನೀ ದಿನಾ ತಾಮ್ರ ಬಡದು ಬಡದು ಕಿವುಡಾದಿ. ನಿನ್ನ ತಮ್ಮ ನೋಡು, ರಾಡ್ಯಾಗ ಕೈ ಹಾಕಿ ತಾಮ್ರ ತಗದು ಹೆಸರು ಮಾಡಿದ!"

ಅಲ್ಲಿಗೆ ನನ್ನ ನಗು ನಿಂತಿತು. ತಾಮ್ರ ನನ್ನದು. ಕಾಸಿದವನು ನಾನು, ಬಡಿದವನು ನಾನು. ಹೆಸರು ಮಾತ್ರ ಅವನಿಗೆ.

ಮರುದಿನ, ಅಂದಿನಿಂದ ತಿಕ್ಕದೆ ಇಟ್ಟಿದ್ದ ತಂಬಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಯಲವಿಗಿಗೆ ಹೋಗಿ ರೈಲು ಹಿಡಿದೆ. ಧಾರವಾಡದ ಅವನ ಖೋಲಿಯಲ್ಲಿ ಮೇಜಿನ ತುಂಬ ಕಾಗದ. ಅದರ ಮೇಲೆಯೇ ತಂಬಿಗೆ ಇಟ್ಟು ಮುಚ್ಚಳ ತೆಗೆದೆ.

"ಐದನೇದ್ದು ಎರಡು ದಿನ ಇದರಾಗಿತ್ತು. ಆ ತಾಮ್ರ ಸಮುದ್ರದ್ದಲ್ಲ, ನಂದು."

ಅವನು ಹಸಿರು ಗೆರೆಯ ಮೇಲೆ ಬೆರಳಾಡಿಸಿದ. ಮುಖ ಬಿಳಿಚಿತು. ಅದನ್ನು ನೋಡಲೆಂದೇ ಬಂದಿದ್ದೆ, ಕಣ್ಣು ತುಂಬ ನೋಡಿದೆ.

"ಅವತ್ತ ಯಾಕ ಹೇಳ್ಲಿಲ್ಲ?"

"ನೀ ಕೇಳಿದಿ ಏನು?"

ಅವನು ತಂಬಿಗೆಯ ಕೆಳಗಿಂದ ಲೆಕ್ಕದ ಕಾಗದ ಎಳೆದುಕೊಂಡ. ಆಮೇಲೆ ಪೆನ್ಸಿಲ್ ತೆಗೆದು ಐದನೇ ಸಾಲನ್ನು ಹೊಡೆದು ಹಾಕಿದ. "ನಾ ಓದಿದ ಮ್ಯಾಲೆ ಯಾರರೆ ಒಬ್ಬರು ಅಲ್ಲಿಂದ ಮತ್ತ ರಾಡಿ ತಂದು ನೋಡಿದ್ರ, ನಾ ಎಲ್ಲಿ ಮಾರಿ ಮುಚ್ಕೋಬೇಕಾಗಿತ್ತು? ನನ್ನ ಮಾನ ಉಳಿಸಿದಿ ಅಣ್ಣಾ." ಸ್ಟೇಶನ್ನಿಗೆ ಕಳಿಸಲು ಬಂದವನು ಅಷ್ಟು ಜನರ ನಡುವೆ ನನ್ನ ಕಾಲಿಗೆ ಬಿದ್ದ.

ನಾನು ಮಾನ ಉಳಿಸಲು ಹೋದವನಲ್ಲ. ನನ್ನ ತಾಮ್ರವನ್ನು ಕಸಿದುಕೊಂಡು ಬರಲು ಹೋದವನು. ಇದನ್ನು ಅವನಿಗೆ ಈವರೆಗೆ ಹೇಳಿಲ್ಲ. ಸಭೆಯಲ್ಲಿ ಏಳೇ ಶೀಸೆಯ ವಿಷಯ ಓದಿದ. ಅದಕ್ಕೂ ಚಪ್ಪಾಳೆ ಬಿತ್ತಂತೆ. ಅಣ್ಣ ರೈಲು ಹತ್ತಿ ಬಂದು ಸತ್ಯ ಹೇಳಿದ ಕಥೆಯನ್ನು ಅವನು ಅವ್ವನಿಗೂ ಹೇಳಿದ್ದಾನೆ. ಈಗ ತುಪ್ಪದ ಚಮಚ ನನ್ನ ತಟ್ಟೆಯ ಮೇಲೂ ಎರಡು ಸಲ ಬಾಗುತ್ತದೆ. ಸುಮ್ಮನೆ ತಿನ್ನುತ್ತೇನೆ.

ಈಗ ನನ್ನ ಹತ್ತಿರ ಒಂದು ಅಂಗಡಿ, ಒಂದು ತಿದಿ, ನಾಲ್ಕು ಸುತ್ತಿಗೆ, ಹಿರೇಕೆರೂರಿನ ಸಂತೆಗೆ ಸಿದ್ಧವಾದ ಹನ್ನೊಂದು ಕೊಡ, ಕಲಾಯಿ ಹಾಕದೆ ಬಿಟ್ಟ ಒಂದು ತಂಬಿಗೆ ಇವೆ.