ಮಲಗಿದ ಕೂಸನ್ನು ಎಬ್ಬಿಸಿದ ದಿನ

ಒಳಲೆಯನ್ನು ನೀವು ನೋಡಿಯೇ ಇರುತ್ತೀರಿ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬಟ್ಟಲು, ಒಂದು ಕಡೆ ಹಕ್ಕಿಯ ಕೊಕ್ಕಿನಂತೆ ಚಾಚಿದ ಮೂತಿ. ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಆ ಮೂತಿಯನ್ನು ತುಟಿಯಂಚಿಗೆ ಹಿಡಿದರೆ, ಒಳಗಿರುವುದು ಹನಿಹನಿಯಾಗಿ ಗಂಟಲಿಗೆ ಇಳಿಯುತ್ತದೆ. ಕೊರಟಗೆರೆಯ ನಮ್ಮ ಮನೆಯಲ್ಲಿದ್ದದ್ದು ಹಿತ್ತಾಳೆಯದು. ನನಗೂ ನನ್ನ ತಮ್ಮಂದಿರಿಗೂ ಬಜೆ ತೇಯ್ದು ಕುಡಿಸಿದ್ದು ಅದರಲ್ಲೇ. ಇಷ್ಟು ಮೃದುವಾದ ಹೆಸರಿನ ಪಾತ್ರೆ ಇನ್ನೊಂದಿಲ್ಲವೇನೋ. ಒಳಗು, ಒಲವು, ಒಳಿತು ಎಲ್ಲವೂ ಆ ಮಾತಿನ ನೆಂಟರಂತೆ ಕೇಳಿಸುತ್ತವೆ. ಆದರೆ ದಾದಿಯಾಗಿ ಬದುಕು ಸವೆಸಿದ ನನಗೆ ಒಳಲೆಯೆಂದರೆ ಮೊದಲು ನೆನಪಾಗುವುದು ಒಂದು ಪ್ರಶ್ನೆ: ಅದರಲ್ಲಿ ಏನಿತ್ತು? ಕುಡಿದವರು ಹೇಳಲಾರರು, ಕುಡಿಸಿದವರು ಹೇಳಲು ಅಂಜುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಧುಗಿರಿಯ ಆಸ್ಪತ್ರೆಯೊಂದರಲ್ಲಿ ನಾನು ಎರಡು ವರ್ಷದ ನರ್ಸು. ಹಸುಗೂಸಿಗೆ ನೋವು ತಿಳಿಯುವುದಿಲ್ಲವೆಂಬ ನಂಬಿಕೆ ಆಗ ಓದಿದವರಲ್ಲೂ ಇತ್ತು. ಕುರು ಕೊಯ್ಯುವುದಾಗಲಿ, ಹೊಲಿಗೆ ಹಾಕುವುದಾಗಲಿ, ನಾವು ಇಬ್ಬರು ನರ್ಸುಗಳು ಕೈಕಾಲು ಅದುಮಿ ಹಿಡಿಯುವುದು, ಡಾಕ್ಟರು ಕತ್ತರಿಸುವುದು. ಎಳೆಯ ಮುಖ ನೇರಳೆ ಬಣ್ಣಕ್ಕೆ ತಿರುಗುವಂತೆ ಅಳುವುದನ್ನು ನೋಡುತ್ತ, ಇದಕ್ಕೆ ಏನೂ ತಿಳಿಯುವುದಿಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು. ಆ ವರ್ಷ ಮೈಸೂರಿನ ಕಡೆಯಿಂದ ಬಂದ ಹೊಸ ಡಾಕ್ಟರಿಗೆ ಇದನ್ನು ಸಹಿಸಲಾಗಲಿಲ್ಲ. ಅವರು ಮಗುವನ್ನು ತೂಗಿಸಿ, ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ, ಮಂಪರು ಬರಿಸುವ ಸಿರಪ್ಪನ್ನು ಹನಿಗಳಲ್ಲಿ ಕುಡಿಸಿ, ಅರ್ಧ ಗಂಟೆ ಕಾದು ಆಮೇಲೆ ಚಾಕು ಹಿಡಿಯುತ್ತಿದ್ದರು. ನನಗೆ ಅವರ ಮೇಲೆ ಗೌರವ ಬಂದದ್ದೇ ಆ ಅರ್ಧ ಗಂಟೆಯ ಕಾಯುವಿಕೆಯಿಂದ.

ಒಂದು ಬೆಳಿಗ್ಗೆ ಕೊಡಿಗೇನಹಳ್ಳಿ ಹತ್ತಿರದ ಕುರಿಗಾರರ ಹಟ್ಟಿಯಿಂದ ಸಿದ್ದಮ್ಮ ಎಂಬ ಅಜ್ಜಿ, ತವರಿಗೆ ಹೆರಿಗೆಗೆ ಬಂದಿದ್ದ ಮಗಳು ಸಣ್ಣಕ್ಕನನ್ನೂ ಅವಳ ಇಪ್ಪತ್ತು ದಿನದ ಗಂಡು ಕೂಸನ್ನೂ ಕರೆದುಕೊಂಡು ಬಸ್ಸಿಳಿದು ಬಂದಳು. ಕೂಸಿನ ಬೆನ್ನಿನ ಮೇಲೆ, ಭುಜದ ಹಿಂದೆ, ನಿಂಬೆಹಣ್ಣಿನ ಗಾತ್ರದ ಕುರು ಕೆಂಪಗೆ ಊದಿಕೊಂಡಿತ್ತು. ಡಾಕ್ಟರು ನೋಡಿ, ಇವತ್ತೇ ಕೀವು ತೆಗೆಯಬೇಕು ಎಂದು ಹೇಳಿ, ಕಿಲೋ ತೂಕಕ್ಕೆ ಇಷ್ಟು ಎಂದು ಸಿರಪ್ಪಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಮುಂದಿನ ರೋಗಿಯ ಕಡೆ ತಿರುಗಿದರು.

ಕೂಸು ಗಾಢ ನಿದ್ದೆಯಲ್ಲಿತ್ತು. ‘ಎಂಥ ಸಾಧು ಮಗು’ ಎಂದು ಸಾಲಿನಲ್ಲಿ ಕೂತ ಹೆಂಗಸರೆಲ್ಲ ಮೆಚ್ಚಿಕೊಂಡರು, ನಾನೂ ಮೆಚ್ಚಿಕೊಂಡೆ. ತೂಗಿದೆ, ಸಿರಪ್ಪನ್ನು ಅಳೆದು ಹನಿ ಬಿಡುವ ತೊಟ್ಟುನಳಿಕೆಗೆ ತುಂಬಿದೆ. ಸುತ್ತಿದ್ದ ಬಟ್ಟೆ ಬಿಡಿಸುವಾಗ ಕೈತಪ್ಪಿ ನನ್ನ ಬೆರಳು ಸೀದಾ ಕುರುವಿಗೇ ಒತ್ತಿತು. ಕಿರುಚುತ್ತದೆಂದು ತಟ್ಟನೆ ಕೈ ಹಿಂದೆಳೆದುಕೊಂಡೆ. ಆದರೆ ಕೂಸು ಅಳಲಿಲ್ಲ.

ಅಳಲೇ ಇಲ್ಲ. ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದೆ. ಕಾಲನ್ನು ತುಸು ಎಳೆದುಕೊಂಡು ಮತ್ತೆ ಮಲಗಿತು. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಿನ ನಡುವಿನ ಕಪ್ಪು ಗಸಗಸೆ ಕಾಳಿನಷ್ಟು ಚಿಕ್ಕದಾಗಿತ್ತು. ಗಡಿಯಾರ ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ನಲವತ್ತರ ಆಸುಪಾಸು ಇರಬೇಕಾದದ್ದು ಇಪ್ಪತ್ತನ್ನೂ ಮುಟ್ಟಲಿಲ್ಲ. ತೊಟ್ಟುನಳಿಕೆಯನ್ನು ಕೆಳಗಿಟ್ಟೆ.

“ಏನು ಕುಡಿಸಿದ್ದೀರಿ ಇದಕ್ಕೆ?”

“ಏನೂ ಇಲ್ಲ ಕಣಮ್ಮ, ಬರೀ ಎದೆಹಾಲು” ಅಂದಳು ಸಿದ್ದಮ್ಮ. ಸಣ್ಣಕ್ಕ ತನ್ನ ಅವ್ವನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಸಾಕಾಯಿತು. ಡಾಕ್ಟರನ್ನು ಕೂಗಿ ಕರೆದೆ. ಹೊಸ ನರ್ಸಿನ ಸಿಟ್ಟೂ ಬಂದಿತ್ತು. “ನಿಜ ಹೇಳದಿದ್ದರೆ ಕೂಸು ಕೈಗೆ ಸಿಗೋದಿಲ್ಲ ಅಜ್ಜಿ” ಎಂದು ಗದರಿದೆ.

ಸಿದ್ದಮ್ಮ ಕಂಕುಳಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಒಂದು ಒಳಲೆ, ಅದರ ತಳದಲ್ಲಿ ಒಣಗಿದ ಕಂದು ಕಲೆ. “ಅಪೀಮು ಕಣವ್ವ. ಸಾಸ್ವೆಕಾಳಿಗಿಂತ ವಸಿ ದಪ್ಪ. ಬಸ್ನಾಗೆ ಕುಲುಕಾಡಿದ್ರೆ ಕುರು ನೋಯ್ತದೆ, ಕೂಸು ಹೆಂಗೆ ತಡ್ಕಂತದೆ ಅಂತ ತೇಯ್ದು ಹಾಕ್ಬುಟ್ಟೆ. ನನ್ನ ಆರು ಮಕ್ಳಿಗೂ ಇದ್ನೇ ಕೊಟ್ಟಿವ್ನಿ. ಇವ್ಳಿಗೂ ಕೊಟ್ಟಿವ್ನಿ.”

ನಾನು ಆಡಬಾರದ ಮಾತೊಂದನ್ನು ಆಡಿದೆ. “ಆರೂ ಬದುಕಿದ್ದಾವಾ?”

“ಮೂರವೆ” ಅಂದಳು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, “ಒಂದು ಮಲಗಿದ್ದಂಗೇ ಓಯ್ತು” ಅಂದಳು.

ಡಾಕ್ಟರು ಬಂದವರು ಮೇಜಿನ ಮೇಲಿದ್ದ ತೊಟ್ಟುನಳಿಕೆಯನ್ನು ನೋಡಿ, “ಇದನ್ನು ಕೊಟ್ಟಿಲ್ಲ ತಾನೇ ಸಿಸ್ಟರ್?” ಎಂದು ಕೇಳಿದರು. ಇಲ್ಲ ಎಂದಾಗ ಅವರು ಕುರ್ಚಿಯ ಬೆನ್ನನ್ನು ಹಿಡಿದು ನಿಂತದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಅಪೀಮಿನ ಮೇಲೆ ಈ ಸಿರಪ್ಪೂ ಬಿದ್ದಿದ್ದರೆ ಆ ಪುಟ್ಟ ಉಸಿರು ನಿಂತೇ ಹೋಗುತ್ತಿತ್ತು. ಗೆಳೆಯರೇ, ಅಜ್ಜಿ ನೋವಾಗಬಾರದೆಂದೇ ತೇಯ್ದಿದ್ದಳು, ಡಾಕ್ಟರು ನೋವಾಗಬಾರದೆಂದೇ ಬರೆದಿದ್ದರು, ನಾನು ನೋವಾಗಬಾರದೆಂದೇ ಅಳೆದಿದ್ದೆ. ಮೂವರ ಕರುಣೆಯೂ ಸೇರಿ ಒಂದು ಕೂಸನ್ನು ಕೊಲ್ಲಲು ಹೊರಟಿತ್ತು.

ಅಪೀಮನ್ನು ಇಳಿಸುವ ಮದ್ದು ನಮ್ಮಲ್ಲಿರಲಿಲ್ಲ. ತುಮಕೂರಿಗೆ ಕಳಿಸೋಣವೆಂದರೆ ದಾರಿಯಲ್ಲಿ ಉಸಿರು ನಿಂತರೆ ಹಿಡಿಯುವವರಿಲ್ಲ. ಇದ್ದದ್ದು ಒಂದು ಆಕ್ಸಿಜನ್ ಸಿಲಿಂಡರು, ನಮ್ಮ ಕೈಗಳು. ಡಾಕ್ಟರು ಮಗುವಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಉಸಿರು ತಡವಾದಾಗಲೆಲ್ಲ ಅಂಗಾಲು ತಟ್ಟುವುದು, ಎದೆ ಉಜ್ಜುವುದು, ಎತ್ತಿ ಅಲುಗಿಸುವುದು. ಎರಡು ಸಲ ಉಸಿರು ಪೂರಾ ನಿಂತು, ಅವರು ಕೂಸಿನ ಮೂಗುಬಾಯಿಗಳ ಮೇಲೆ ತಮ್ಮ ಬಾಯಿಟ್ಟು ಊದಿದರು. ಸಣ್ಣಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

“ಅಜ್ಜಿ, ನೀವು ಬನ್ನಿ, ಕೂಗಿ ಇದನ್ನ” ಎಂದರು ಡಾಕ್ಟರು. “ನಿಮ್ಮ ದನಿ ಇದಕ್ಕೆ ಗೊತ್ತು.”

ಬೈಯುತ್ತಾರೆಂದು ಮೂಲೆ ಸೇರಿದ್ದ ಸಿದ್ದಮ್ಮನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಬಂದು ಮಂಡಿಯೂರಿ ಕೂತಳು. ಕೂಸಿಗಿನ್ನೂ ಹೆಸರಿಟ್ಟಿರಲಿಲ್ಲ. “ಏಳಪ್ಪ, ಏಳ್ಲಾ ನನ್ನ ದೊರೆ, ಮಲಗ್ಬ್ಯಾಡ ಕಣ್ಲಾ” ಎಂದು ಕರೆಯತೊಡಗಿದಳು. ಎಷ್ಟು ಮಕ್ಕಳನ್ನು ತೂಗಿ ಮಲಗಿಸಿದ್ದ ಗಂಟಲೋ ಅದು! ಏಳು ಎನ್ನುವುದರಲ್ಲೂ ಜೋಗುಳದ ರಾಗವೇ ಬಂದುಬಿಡುತ್ತಿತ್ತು. ಬಂದಾಗಲೆಲ್ಲ ಬೆಚ್ಚಿ, ದನಿ ಏರಿಸಿ, ಮತ್ತೆ ಕೂಗುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು. ಅವಳ ಗಂಟಲು ಒಡೆದು ಬರೀ ಗಾಳಿ ಬರತೊಡಗಿದಾಗ ಸಣ್ಣಕ್ಕ ಎದ್ದು ಬಂದು ಅವ್ವನ ಬದಲಿಗೆ ಕೂಗಿದಳು.

ಬಿಸಿಲು ಇಳಿಯುವ ಹೊತ್ತಿಗೆ, ನಾನು ಅಂಗಾಲು ತಟ್ಟಿದ ಒಂದು ಏಟಿಗೆ, ಕೂಸು ಮುಖ ಕಿವುಚಿ ಬಾಯಿ ಅಗಲಿಸಿ ಕಿಟಾರನೆ ಕಿರುಚಿತು. ಆಮೇಲೆ ನಿಲ್ಲಿಸಲೇ ಇಲ್ಲ. ಡಾಕ್ಟರು ನಕ್ಕರು, ಹೊರಗೆ ಬೆಂಚಿನಲ್ಲಿದ್ದವರು ಬಾಗಿಲಲ್ಲಿ ಇಣುಕಿದರು. ಅಷ್ಟು ಕರ್ಕಶವಾದ ಸದ್ದು ಅಷ್ಟು ಜನರಿಗೆ ಅಷ್ಟು ಹಿತವಾಗಿ ಕೇಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ, ಕೂಸು ಚೆನ್ನಾಗಿ ಎಚ್ಚರವಾಗಿದ್ದಾಗ, ಕುರುವಿನ ಸುತ್ತ ಮಾತ್ರ ಮರಗಟ್ಟಿಸುವ ಸೂಜಿಮದ್ದು ಹಾಕಿ, ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಚೀಪಲು ಕೊಟ್ಟು, ಡಾಕ್ಟರು ಕೀವು ತೆಗೆದರು. ಸೂಜಿಗೆ ಅತ್ತಿತು, ಆಮೇಲೆ ಚೀಪುವುದರಲ್ಲಿ ಮರೆಯಿತು. ಅಂದಿನಿಂದ ನಾನು ಕೇಳುವ ರೀತಿಯನ್ನೂ ಬದಲಿಸಿಕೊಂಡೆ. ಗದರಿ ಕೇಳಿದರೆ ಯಾವ ತಾಯಿಯೂ ನಿಜ ಹೇಳುವುದಿಲ್ಲ. ಪಕ್ಕದಲ್ಲಿ ಕೂತು, ನಮ್ಮ ಮನೆಯಲ್ಲಿ ಇಂಥದ್ದು ಕುಡಿಸುತ್ತಿದ್ದರು, ನಿಮ್ಮ ಕಡೆ ಏನು ಕುಡಿಸುತ್ತೀರಿ ಎಂದು ಮಾತಿಗೆಳೆದರೆ ಹೇಳುತ್ತಾರೆ.

ಗಾಯ ಒಣಗಿ ಊರಿಗೆ ಹೊರಡುವ ದಿನ ಸಿದ್ದಮ್ಮ ಮಗಳನ್ನು ಮುಂದೆ ಕಳಿಸಿ ನನ್ನ ಹತ್ತಿರ ಬಂದಳು. ಸೆರಗಿನ ತುದಿಯಲ್ಲಿ ಕಟ್ಟಿದ್ದ ಎಲೆಯ ಪೊಟ್ಟಣವೊಂದನ್ನು ನನ್ನ ಅಂಗೈಗೆ ಹಾಕಿದಳು. “ನೀನೇ ಬಿಸಾಕವ್ವ. ನನ್ನ ಕೈಲಾಗಾಕಿಲ್ಲ.”

ಹೋಗಲಿಲ್ಲ, ನಿಂತೇ ಇದ್ದಳು.

“ನರ್ಸಮ್ಮ, ನಂದು ಆ ಕೂಸು... ಇದ್ರಿಂದ್ಲೇ ಓಯ್ತಾ?”

ಇಲ್ಲ ಎಂದುಬಿಡಬಹುದಿತ್ತು, ಹೌದು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಎಂದೋ ಹಟ್ಟಿಯೊಂದರಲ್ಲಿ ಕಣ್ಣು ಮುಚ್ಚಿದ ಮಗುವಿನ ಬಗ್ಗೆ ನನಗೇನು ಗೊತ್ತಿತ್ತು? “ಗೊತ್ತಿಲ್ಲ ಅಜ್ಜಿ” ಅಂದೆ. “ಯಾರಿಗೂ ಗೊತ್ತಾಗೋದಿಲ್ಲ.”

“ಎಣ್ಣು ಕೂಸು ಕಣವ್ವ ಅದು. ತುಂಬಾ ಅಳ್ತಿತ್ತು” ಎಂದು ಹೇಳಿ, ಮೆಟ್ಟಿಲಿಳಿದು, ಮಗಳ ತೋಳಿನಿಂದ ಮೊಮ್ಮಗನನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.