ಮೂವತ್ತೊಂದನೇ ಪುಟದ ಲಕ್ಕಮ್ಮ

ನನ್ನ ಮಾವ ಅಡವಯ್ಯನವರು ಮಧುಗಿರಿಯಿಂದ ನಲವತ್ತು ವರ್ಷ ಪತ್ರಿಕೆಗಳಿಗೆ ಸುದ್ದಿ ಕಳಿಸಿದವರು. ಯಾರ ಬಗ್ಗೆ ಬರೆದರೂ ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳುವುದು ಮಾವನ ಪದ್ಧತಿ. ಒಮ್ಮೆ ಕೊರಟಗೆರೆಯಲ್ಲಿ ಒಬ್ಬರು ನಾಯಿ ಛೂಬಿಟ್ಟಿದ್ದರಂತೆ. ಆದರೂ ಪದ್ಧತಿ ಬಿಡಲಿಲ್ಲ.

ಹೋದ ವರ್ಷ ರಾಜ್ಯಪಾಲ ರುದ್ರಮುನಿಯವರ ಜೀವನಚರಿತ್ರೆ ಬರೆದರು. ನಮ್ಮ ಸೀಮೆಯವರೇ, ದೂರದ ರಾಜ್ಯವೊಂದರಲ್ಲಿ ಬಹುಮತವಿದ್ದ ಸರ್ಕಾರವನ್ನು ವಜಾ ಮಾಡಲು ಶಿಫಾರಸು ಮಾಡಿ ದೇಶದ ತುಂಬ ಬೈಸಿಕೊಂಡವರು. ಆ ಅಧ್ಯಾಯವನ್ನೂ ಮಾವ ಫೋನಿನಲ್ಲಿ ಅವರಿಗೆ ಓದಿ ಹೇಳಿದ್ದರು. ಸಂಬಂಧಪಟ್ಟವರಿಗೆ ಓದದೆ ಉಳಿದದ್ದು ಮೂವತ್ತೊಂದನೇ ಪುಟ ಒಂದೇ. ತಮ್ಮ ಮೊದಲ ಹೆಂಡತಿ ಲಕ್ಕಮ್ಮ ಮದುವೆಯಾದ ಎರಡೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡರು ಎಂದು ರಾಜ್ಯಪಾಲರೇ ಹೇಳಿದ್ದರು. ಸತ್ತವರಿಗೆ ಓದಿ ಹೇಳುವುದೆಲ್ಲಿ ಬಂತು?

ಪುಸ್ತಕ ಅಚ್ಚಾಯಿತು. ಸಿರಾದಲ್ಲಿ ಭಾನುವಾರದ ಬಿಡುಗಡೆಗೆ ನಾಲ್ಕು ದಿನವಿರುವಾಗ, ಮೊದಲೇ ಒಂದು ಪ್ರತಿ ಪಡೆದಿದ್ದ ತಾವರೆಕೆರೆಯ ಮೇಷ್ಟ್ರು ಬಸವೇಶ್ ಫೋನ್ ಮಾಡಿದರು. "ಸಾರ್, ನೀವು ಸಾಯಿಸಿರೋ ಲಕ್ಕಮ್ಮ ನಮ್ ಬೀದೀಲೇ ಕಡ್ಲೆಕಾಯಿ ಬಿಡಿಸ್ತಾ ಕೂತವ್ರೆ."

ಮಾವ ಆಗಲೇ ತಾವರೆಕೆರೆಗೆ ಹೊರಟು ನಿಂತರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ಅವರನ್ನು ಒಬ್ಬರನ್ನೇ ಕಳಿಸಲಾರದೆ, ಮಗುವನ್ನು ಎತ್ತಿಕೊಂಡು ನಾನೂ ಬಾಡಿಗೆ ಕಾರು ಹತ್ತಿದೆ. ದಾರಿಯುದ್ದಕ್ಕೂ ನನ್ನದು ಒಂದೇ ಮಾತು: "ಮಾವ, ಹೇಗೂ ಅಚ್ಚಾಗಿಹೋಗಿದೆ, ಬಿಟ್ಟುಬಿಡಿ. ಪಾವಗಡದಲ್ಲಿ ನಿಮ್ಮ ಮಗನದು ಸರ್ಕಾರಿ ಕೆಲಸ. ಆ ರಾಜ್ಯಪಾಲರು ಏನಾದರೂ ಮಾಡಿಸಿಬಿಟ್ಟರೆ?"

"ಬದುಕಿರೋರ್ನ ಸತ್ರು ಅಂತ ಹೆಂಗಮ್ಮ ಬುಟ್ಬುಡಾದು?"

ಎಪ್ಪತ್ತು ದಾಟಿದ ಲಕ್ಕಮ್ಮ ಮೊರ ಪಕ್ಕಕ್ಕಿಟ್ಟು, ಮಾವ ಓದಿದ ಆ ಪುಟವನ್ನು ಪೂರ್ತಿ ಕೇಳಿಸಿಕೊಂಡರು.

"ಜ್ವರ ಅಂದ್ನಾ? ಇವತ್ತಿನ್ಗಂಟ ನಾನೊಂದು ಮಾತ್ರೆ ನುಂಗಿಲ್ಲ ಕಣಪ್ಪ" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಲಾಯರ್ ಓದು ಓದಾಕೆ ಹೋದೋನು ತಿರುಗಿ ಬರ್ಲೇ ಇಲ್ಲ. ನಂದೇನೂ ದೂರು ಬರೀಬ್ಯಾಡ. ಬದ್ಕವ್ಳೆ ಅಂತ ಬರಿ, ಅಷ್ಟು ಸಾಕು."

ಮಾವ ಜಗಲಿಯ ಮೇಲೆ ಕೂತೇ ಎರಡು ಸಾಲು ಬರೆದರು. ಅಲ್ಲಿಂದಲೇ ರಾಜ್ಯಪಾಲರ ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. "ತಿದ್ದಿದೀನಿ, ಓದ್ತೀನಿ ಕೇಳಿ ಸಾರ್. 'ಅವರ ಮೊದಲ ಪತ್ನಿ ಲಕ್ಕಮ್ಮನವರು ಬದುಕಿದ್ದಾರೆ. ತಾವರೆಕೆರೆಯಲ್ಲಿ ವಾಸವಾಗಿದ್ದಾರೆ.'"

ಆ ಕಡೆಯಿಂದ ಗದರುತ್ತಾರೆ, ಇಲ್ಲವೇ ಸುಳ್ಳು ಎನ್ನುತ್ತಾರೆ ಎಂದು ನಾನು ಮಗುವನ್ನು ಅವುಚಿಕೊಂಡಿದ್ದೆ.

"ಇದು ಎಷ್ಟು ಜನಕ್ಕೆ ಗೊತ್ತು?" ಎಂದರು ರಾಜ್ಯಪಾಲರು.

ಹೇಗಿದ್ದಾಳೆ ಎಂದಲ್ಲ. ಪಕ್ಕದಲ್ಲೇ ಕೂತಿದ್ದ ಲಕ್ಕಮ್ಮನ ಮುಖ ನೋಡಲು ನನಗೆ ಆಗಲಿಲ್ಲ.

"ಭಾನುವಾರ ಸಿರಾದಲ್ಲಿ ಪುಸ್ತಕ ತಗೊಳ್ಳೋ ಅಷ್ಟೂ ಜನಕ್ಕೆ ಗೊತ್ತಾಗುತ್ತೆ ಸಾರ್" ಎಂದರು ಮಾವ. ಫೋನ್ ಕಟ್ಟಾಯಿತು.

ಮಾವ ಕೂಡಲೇ ಪ್ರೆಸ್ಸಿಗೆ ಫೋನ್ ಮಾಡಿ, ಐನೂರು ಪ್ರತಿಗಳಿಂದಲೂ ಆ ಹಾಳೆ ಕತ್ತರಿಸಿ ಹೊಸದು ಅಂಟಿಸಬೇಕು ಎಂದರು. ಬಿಟ್ಟುಬಿಡಿ ಎಂದಿದ್ದ ನಾನೇ, ಮೂವತ್ತೊಂದನೇ ಪುಟ ಎಂದು ಪಕ್ಕದಿಂದ ಹೇಳಿಕೊಟ್ಟೆ.