ನೆಟ್ಟಗೆ ಹೋದವನ ಫಜೀತಿ

ನಾನು ಮನುಷ್ಯನಲ್ಲ ಎಂದು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ಸಲ ತೀರ್ಮಾನವಾಯಿತು. ಹೆಂಡತಿಯ ಎದುರಿಗೇ ಆಯಿತು ಎನ್ನುವುದು ಹೆಚ್ಚಿನ ಸಂಕಟ.

ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನ್ನ ಹೆಂಡತಿ ನೀಲವ್ವ ಐವತ್ತನೆಯ ವಯಸ್ಸಿನಲ್ಲಿ ಹತ್ತನೆಯ ಪರೀಕ್ಷೆಗೆ ಕಟ್ಟಿದ್ದಳು. ಮರುದಿನ ಬೆಳಿಗ್ಗೆ ಗದಗಿನಲ್ಲಿ ಗಣಿತ. ಹಾಲ್ ಟಿಕೆಟ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಅಂಗಡಿಯ ಫಕ್ಕೀರಪ್ಪ ತಾನೇ ತೆಗೆದುಕೊಡುತ್ತಿದ್ದ. ಓದಿದವನು ನಾನಿರುವಾಗ ಅವನೇಕೆ ಎಂದು ಮೌಸು ಕಸಿದುಕೊಂಡೆ. ಪರದೆಯ ಮೇಲಿನ ‘ನಾನು ರೋಬೋಟ್ ಅಲ್ಲ’ ಎಂಬ ಚೌಕಕ್ಕೆ ಮೌಸಿನ ಬಾಣ ಒಯ್ದು ಒತ್ತಿದೆ. ಒಪ್ಪಲಿಲ್ಲ. ಮತ್ತೆ ಒತ್ತಿದೆ. ಮತ್ತೂ ಒಪ್ಪಲಿಲ್ಲ.

ತಪ್ಪು ನಮ್ಮಪ್ಪನದು. ನಮ್ಮೂರು ಹಮ್ಮಿಗಿಯ ಹೊಲದಲ್ಲಿ ಅವನು ನನ್ನ ಕೈಗೆ ಕೂರಿಗೆ ಕೊಟ್ಟು ಹೇಳಿದ್ದು ಒಂದೇ ಮಾತು: ಎತ್ತಿನ ಬಾಲ ನೋಡಬೇಡ, ಆಚೆ ಬದುವಿನ ಬೇವಿನ ಗಿಡ ನೋಡು. ಬಿತ್ತಿದ ಸಾಲು ಸೊಟ್ಟಾದರೆ ಸುಗ್ಗಿಯವರೆಗೂ ಹಾದಿಯಲ್ಲಿ ಹೋಗುವವರೆಲ್ಲ ನಿಂತು ನಗುತ್ತಾರೆ. ಅದೇ ಕೈ ಈಗ ಮೌಸು ಹಿಡಿದಿತ್ತು. ಚೌಕದ ಮೇಲೆ ಕಣ್ಣಿಟ್ಟು, ಒಂದೇ ವೇಗದಲ್ಲಿ, ಗೆರೆ ಕೊರೆದಂತೆ ಹೋಗಿದ್ದೆ.

ಫಕ್ಕೀರಪ್ಪ ನಕ್ಕ. “ಕಾಕಾ, ಅದು ನಿಮ್ಮ ಕೈ ಹೆಂಗ ಹೋಗತೈತಿ ಅಂತ ನೋಡತೈತ್ರಿ. ಮನುಷ್ಯಾ ಆದಾಂವ ಅಡ್ಡಾದಿಡ್ಡಿ ಹೋಗತಾನು, ನಡುವ ನಿಂದರತಾನು, ದಾಟಿ ಹೋಗಿ ಹೊಳ್ಳಿ ಬರತಾನು. ನೆಟ್ಟಗ ಹೋಗೂದು ಮಷೀನಷ್ಟ.”

ಇದೆಂಥ ನ್ಯಾಯ! ಮನಸ್ಸನ್ನು ಒಂದೆಡೆ ನಿಲ್ಲಿಸು ಎಂದು ಹಿರಿಯರು ಹೇಳುತ್ತಲೇ ಬಂದರು. ಅದನ್ನು ಸಾಧಿಸಿದ ಮಹಾಯೋಗಿ ಈ ಸ್ಟೂಲಿನ ಮೇಲೆ ಬಂದು ಕುಳಿತರೂ ಹಾಲ್ ಟಿಕೆಟ್ ಸಿಗಲಿಕ್ಕಿಲ್ಲ. ಆಗಲಿ ಎಂದು ಸೊಟ್ಟಗೂ ಹೋದೆ. ಎಡಕ್ಕೊಂದು ಬಳುಕು, ಬಲಕ್ಕೊಂದು ಬಳುಕು, ಎಲ್ಲವೂ ಅಳೆದಿಟ್ಟಷ್ಟು ಸಮ. ಯಂತ್ರ ಮೋಸ ಹೋಗಲಿಲ್ಲ.

“ಇನ್ನೊಮ್ಮಿ ತಪ್ಪಿದ್ರ ಇವತ್ತಿಗೆ ಬಂದ್ ಆಗತೈತ್ರಿ,” ಎಂದ ಫಕ್ಕೀರಪ್ಪ.

“ಸರೀರಿ ಅತ್ತಾಗ,” ಎಂದಳು ನೀಲವ್ವ.

ಮೌಸು ಹಿಡಿದು, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಹೊರಟಳು. ಬಾಣ ಮೊದಲು ಮೂಲೆಗೆ ಹೋಯಿತು. ಯಾವುದೋ ಜಾಹೀರಾತಿನ ಸೀರೆಯ ಮೇಲೆ ನಿಂತಿತು. ನಡುವೆ ಫಕ್ಕೀರಪ್ಪನ ತಾಯಿಯ ಮೊಣಕಾಲು ನೋವಿನ ವಿಚಾರಣೆಯೂ ಆಯಿತು. ಬಾಣ ಚೌಕ ದಾಟಿತು, ಹಿಂದೆ ಬಂತು, ನಡುಗಿತು. ಒತ್ತಿದಳು. ಹಸಿರು ಗುರುತು ಬಿತ್ತು.

ಬೆಚ್ಚಗಿನ ಕಾಗದವನ್ನು ಮಡಚುತ್ತ ಅವಳೆಂದಳು: “ಪಾಪ, ಮಷೀನಿಗೆ ಇವತ್ತ ಗೊತ್ತಾತು. ನನಗ ಮೂವತ್ತ ವರ್ಷದಿಂದ ಸಂಶೇ ಇತ್ತು.”

ಮರುದಿನ ಗದಗಿನಲ್ಲಿ ಅವಳು ಪರೀಕ್ಷೆಗೆ ಒಳಗೆ ಹೋದಳು. ಹಿಂದಿರುಗಿ ನೋಡಲಿಲ್ಲ, ನೆಟ್ಟಗೆ ಹೋದಳು. ಹೊರಗೆ ನನಗೆ ನಿಜವಾಗಿ ಭಯವಾಗಿತ್ತು. ಗೇಟಿನಿಂದ ಚಹಾದಂಗಡಿಗೆ ಹೋದೆ, ಚಹಾ ಹೇಳದೆ ಮರಳಿದೆ. ಗಿಡದ ಕೆಳಗೆ ನಿಂತೆ, ಗೇಟು ದಾಟಿ ಮುಂದೆ ಹೋಗಿ ಹೊರಳಿ ಬಂದೆ. ಕಾವಲಿನವನು ಬಹಳ ಹೊತ್ತು ನೋಡಿ ಕೇಳಿದ:

“ಯಜಮಾನ್ರ, ಏನ್ ಕಳಕೊಂಡೀರಿ?”

“ಏನಿಲ್ಲಪಾ,” ಎಂದೆ, “ನನ್ನ ಹೇಣ್ತಿ ಗಣಿತಾ ಬರ್ಯಾಕ ಹೋಗ್ಯಾಳ.”